ಆಯುಕ್ತರ ಹಾಜರಿ

ನಿವೃತ್ತಳಾದ ಮೇಲೂ ನನಗೆ ನಸುಕಿನಲ್ಲೇ ಎಚ್ಚರವಾಗುತ್ತದೆ. ಹಾಸಿಗೆ ಮಡಿಚಿಟ್ಟು, ತಣ್ಣೀರಿನಲ್ಲಿ ಮುಖ ತೊಳೆದು, ಹಿಂದಿನ ಸಂಜೆಯೇ ತೆಗೆದಿಟ್ಟ ಸೀರೆ ಉಟ್ಟು, ಬೀಗ ಹಾಕಿ ಹೊರಡುತ್ತೇನೆ. ಇದರಲ್ಲಿ ಒಂದು ಕೆಲಸವೂ ಹಿಂದುಮುಂದಾಗುವುದಿಲ್ಲ. ನೋಡಿದವರು ಬಲು ಎಚ್ಚರದ ಹೆಂಗಸು ಎಂದುಕೊಳ್ಳುತ್ತಾರೆ. ಆದರೆ ಜಲನಗರದಿಂದ ಗಾಂಧಿ ಚೌಕ ಮುಟ್ಟುವವರೆಗೆ ನಾನು ಅರ್ಧ ನಿದ್ರೆಯಲ್ಲೇ ಇರುತ್ತೇನೆ. ಕಾಲಿಗೆ ದಾರಿ ಗೊತ್ತು, ಅದು ನಡೆಯುತ್ತದೆ. ಬೀದಿದೀಪದ ಕೆಳಗೆ ಧೂಳು ಅಲುಗಾಡದೆ ನಿಂತಿರುತ್ತದೆ. ಎಲ್ಲಿಂದಲೋ ಬಾಂಗಿನ ದನಿ ಏಳುತ್ತದೆ, ಅದು ಮುಗಿಯುವ ಮೊದಲೇ ಗುಡಿಯ ಗಂಟೆ ಅದರೊಳಗೆ ಸೇರಿಕೊಳ್ಳುತ್ತದೆ, ಎರಡೂ ಸೇರಿ ಒಂದೇ ಶಬ್ದವಾಗಿ ಮನೆಗಳ ಮಾಳಿಗೆಯ ಮೇಲೆ ತೇಲಿ ಹೋಗುತ್ತದೆ. ಮುಚ್ಚಿದ ಅಂಗಡಿಗಳ ಮುಂದೆ ನಡೆಯುತ್ತಿರುವುದು ನಾನೋ ಅಥವಾ ನಾನು ಕಾಣುತ್ತಿರುವ ಕನಸಿನ ಹೆಂಗಸೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ.

ಇತ್ತೀಚಿನ ಒಂದು ಚಳಿಗಾಲದಲ್ಲಿ, ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗೆ, ಅದೇ ಅರೆನಿದ್ರೆಯಲ್ಲಿ ನಿಂತು ನಾನು ನಮ್ಮ ನಗರದ ಆಯುಕ್ತರ ಹಾಜರಿ ಕೂಗಿದೆ.

ಸರ್ವಿಸಿನಲ್ಲಿ ನಾನು ನಗರಪಾಲಿಕೆಯ ಆರೋಗ್ಯ ನಿರೀಕ್ಷಕಿ. ರಸ್ತೆ ಗುಡಿಸುವವರ ಹಾಜರಿ ತೆಗೆದುಕೊಂಡು ಅವರನ್ನು ಕೆಲಸಕ್ಕೆ ಹಚ್ಚುವುದು ನನ್ನ ಬೆಳಗು. ನಾನು ಬೆಳೆದದ್ದು ಬಬಲೇಶ್ವರದ ಒಂದು ವಸತಿ ಶಾಲೆಯಲ್ಲಿ. ಅಲ್ಲಿ ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ಮಾತು ನಿಲ್ಲಿಸುವುದಕ್ಕೂ ಒಂದು ಗಂಟೆ ಇತ್ತು. ಹಾಗಾಗಿ ಹಾಜರಿ ಕೂಗುವುದು ನನಗೆ ಕೆಲಸ ಅನ್ನಿಸಲೇ ಇಲ್ಲ. ನಿವೃತ್ತಿಯ ದಿನ ಹಾರ ಹಾಕಿದ ಕೈಗಳೇ ನನ್ನನ್ನು ನೌಕರರ ಸಂಘದ ಗೌರವ ಅಧ್ಯಕ್ಷೆ ಮಾಡಿದವು.

ಹಾಜರಿ ಕೂಗುವುದಕ್ಕೆ ನಮ್ಮಲ್ಲಿ ಒಂದು ಕಟ್ಟು ಇದೆ. ಹೆಸರನ್ನು ಮೂರು ಸಲ ಕೂಗಬೇಕು. ಮೂರನೆಯದಕ್ಕೂ ದನಿ ಬರದಿದ್ದರೆ ಗೈರು. ಇನ್ನೊಂದು ಕಟ್ಟು ಕೆಲಸಗಾರರು ತಾವೇ ಮಾಡಿಕೊಂಡದ್ದು. ಬಾರದವಳ ಹೆಸರಿಗೆ ಯಾರಾದರೂ ಓ ಅಂದರೆ, ಅಂದವಳು ಆ ದಿನ ತನ್ನ ರಸ್ತೆಯ ಜೊತೆಗೆ ಬಾರದವಳ ರಸ್ತೆಯನ್ನೂ ಗುಡಿಸಬೇಕು. ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ನಾನು ಎಷ್ಟು ಗದರಿದರೂ ಇದು ನಿಲ್ಲಲಿಲ್ಲ. ಓ ಅಂದವಳು ಗುಡಿಸದೆ ಮನೆಗೆ ಹೋದದ್ದೂ ಇಲ್ಲ.

ಹೊಸದಾಗಿ ಬಂದ ಆಯುಕ್ತರು ದಕ್ಷಿಣದ ಕಡೆಯ ಹುಡುಗಿ. ಹುಡುಗಿ ಎಂದರೆ ನನ್ನ ವಯಸ್ಸಿಗೆ. ಬಂದವರೇ ಹಾಜರಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ಒಪ್ಪಿಸಿದರು. ನಸುಕಿನಲ್ಲಿ ಗೊತ್ತಾದ ಹೊತ್ತಿನೊಳಗೆ ಗಾಂಧಿ ಚೌಕದಲ್ಲಿ ಅದರ ಮುಂದೆ ನಿಂತು ಮುಖ ತೋರಿಸಬೇಕು, ಕಣ್ಣು ಮಿಟುಕಿಸಬೇಕು. ಹೊತ್ತು ಮೀರಿದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಕಾಲದಲ್ಲಿ ಟಿಕೋಟಾದಿಂದ ಮೊದಲ ಬಸ್ಸು ಬರುವವರೆಗೆ ಕಾದು ಆಮೇಲೆ ಹೆಸರು ಕೂಗುತ್ತಿದ್ದೆವು. ಕ್ಯಾಮೆರಾಕ್ಕೆ ಬಸ್ಸಿನ ವಿಷಯ ಗೊತ್ತಿರಲಿಲ್ಲ.

ಆ ಬಸ್ಸಿನಲ್ಲಿ ಬರುತ್ತಿದ್ದವಳು ಒಬ್ಬಳೇ. ಸಿದ್ಧೇಶ್ವರ ಗುಡಿಯ ಸುತ್ತಲಿನ ಓಣಿಗಳು ಅವಳ ಪಾಲಿನವು. ಕೂದಲು ನರೆತಿತ್ತು, ನಡಿಗೆ ಇನ್ನೂ ಚುರುಕು. ಅವಳ ಗಂಡ ಟಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನ ಕಾವಲುಗಾರ, ಹಾಗಾಗಿ ಆ ಊರು ಬಿಡುವಂತಿರಲಿಲ್ಲ. ಅವಳ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಈ ಸಲ ಖಾಯಂ ಮಾಡುವವರ ಹೆಸರು ನೋಡುವಾಗ ಇದೇ ಚಳಿಗಾಲದ ಹಾಜರಿಯನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ಪಾಲಿಕೆಯವರು ಹೇಳಿದ್ದರು. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತಿತ್ತು. ದಿನವೂ ಗುಡಿಸುತ್ತಿದ್ದಳು, ದಿನವೂ ಕ್ಯಾಮೆರಾ ಅವಳನ್ನು ಗೈರು ಅನ್ನುತ್ತಿತ್ತು.

ಸಂಘದ ಸಭೆ ಸೇರಿದ್ದು ಕಸದ ಗಾಡಿಗಳು ನಿಲ್ಲುವ ಅಂಗಳದಲ್ಲಿ, ಬೇವಿನ ಮರದ ಕೆಳಗೆ. ಈ ಆಯುಕ್ತರನ್ನು ಇಲ್ಲೇ ಮುಂದುವರಿಸಬೇಕೋ ಬೇರೆಡೆಗೆ ಕಳಿಸಬೇಕೋ ಎಂದು ಮೇಲಿನವರು ಯೋಚಿಸುತ್ತಿದ್ದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಆಯುಕ್ತರ ಕೆಲಸ ಹೇಗಿತ್ತು ಎಂದು ಸಂಘ ತನ್ನ ಮಾತನ್ನು ಬರೆದು ಕಳಿಸುವುದು ರೂಢಿ. ಸಂಘದ ಕಾರ್ಯದರ್ಶಿ ಬಬಲೇಶ್ವರದ ಟಿಪ್ಪರ್ ಚಾಲಕ. ಬೆಳಗಿನ ನಮಾಜು ಮುಗಿಸಿ ಮೋಟಾರ್ ಸೈಕಲ್ಲಿನಲ್ಲಿ ಬರುವವನು, ಬಾಯಿ ಬಲು ಜೋರು.

"ಬಾಯಾರ, ಇದರಾಗ ವಿಚಾರ ಏನೈತ್ರಿ?" ಅಂದ ನನಗೆ. "ನೆಟ್ಟಗ ಬರದ ಬಿಡೂನು, ಈ ಮೇಡಂ ನಮಗ ಬ್ಯಾಡ ಅಂತ."

"ಯಾಕ ಬೇಡ ಅಂತ ಕೇಳಿದರೆ?" ಎಂದೆ.

"ಟಿಕೋಟಾದಕ್ಕನ ಮಾರಿ ನೋಡಂತೀನ್ರಿ. ಅದಕಿಂತ ಬ್ಯಾರೆ ಕಾರಣ ಬೇಕ?"

"ನನ್ನ ಮಾರಿ ಯಾಕ ಕಳಸ್ತೀಯೋ ತಮ್ಮಾ?" ಅಂದಳು ಅವಳು, ಕಾಲು ಚಾಚಿ ಕುಳಿತಲ್ಲಿಂದಲೇ. "ಕ್ಯಾಮರಾಕ್ಕ ಬ್ಯಾಡಾದ ಮಾರಿ ಮಂತ್ರಿಗೆ ಬೇಕಾಗ್ತದೇನು?"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ನಾನು ಹೇಳಿದೆ. ಅವರು ನಮ್ಮನ್ನು ಯಾವುದರಿಂದ ಅಳೆಯುತ್ತಾರೋ ನಾವೂ ಅವರನ್ನು ಅದರಿಂದಲೇ ಅಳೆಯೋಣ. ನಸುಕಿನ ಹಾಜರಿ. ಬಸ್ಸು ಬಂದ ಮೇಲೆ ಸಂಘವೇ ಹಳೆಯ ಪದ್ಧತಿಯಂತೆ ಎಲ್ಲರ ಹೆಸರು ಕೂಗಲಿ, ಕೊನೆಗೆ ಆಯುಕ್ತರನ್ನೂ ಕೂಗಲಿ. ಬಂದರೆ ಹಾಜರ್, ಬಾರದಿದ್ದರೆ ಗೈರು. ಮುಂದಿನ ಅಮಾವಾಸ್ಯೆಗೆ ಏನು ಬಂದಿದೆಯೋ ಅದನ್ನೇ ಕಳಿಸೋಣ.

ಕಾರ್ಯದರ್ಶಿ ತೊಡೆ ತಟ್ಟಿದ. "ಬಾಯಾರ, ನೀವು ಆಯುಕ್ತರಾಗಬೇಕಾಗಿತ್ತು ನೋಡ್ರಿ!"

ಹೀಗೆ ಶುರುವಾಯಿತು. ಕ್ಯಾಮೆರಾ ತನ್ನ ಕೆಲಸ ಮುಗಿಸಿ ಕಣ್ಣು ಮುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಬಸ್ಸಿಳಿದ ಟಿಕೋಟಾದಾಕೆ ಓಣಿಯ ಬಾಯಲ್ಲಿ ಕಾಣಿಸುತ್ತಿದ್ದಳು. ನಾನು ಹೆಸರು ಕೂಗುತ್ತಿದ್ದೆ. ಹಾಜರ್ ರೀ, ಹಾಜರ್ ರೀ ಎಂದು ಕತ್ತಲೆಯ ಒಂದೊಂದು ಮೂಲೆಯಿಂದ ದನಿ ಬರುತ್ತಿತ್ತು. ಮುಖಗಳು ಸೆರಗು ಮಫ್ಲರುಗಳ ಒಳಗೆ. ದನಿಯಿಂದಲೇ ಜನ. ಎಲ್ಲ ಮುಗಿದ ಮೇಲೆ ಒಂದು ಉಸಿರು ಬಿಟ್ಟು ಕೂಗುತ್ತಿದ್ದೆ:

"ಆಯುಕ್ತರು!"

ದನಿ ಹೋಗಿ ಎದುರಿನ ಕಿರಾಣಿ ಅಂಗಡಿಯ ಶಟರ್ ಮುಟ್ಟಿ ಮೆತ್ತಗೆ ವಾಪಸ್ಸು ಬರುತ್ತಿತ್ತು.

"ಆಯುಕ್ತರು!"

ಒಂದು ನಾಯಿ ತಲೆಯೆತ್ತಿ ನೋಡುತ್ತಿತ್ತು.

"ಆಯುಕ್ತರು!"

ಆಮೇಲಿನ ಮೌನ ಬೇರೆಯೇ ಬಗೆಯದು. ಮೊದಲ ದಿನ ಅದರಲ್ಲಿ ಕಿಸಿಕಿಸಿ ನಗು ಇತ್ತು. ದಿನ ಕಳೆದಂತೆ ನಗು ಇಳಿಯಿತು. ಚಳಿಯ ಮಬ್ಬಿನಲ್ಲಿ ಅಷ್ಟೂ ಜನ ಉಸಿರು ಬಿಗಿಹಿಡಿದು ಕಿವಿಗೊಟ್ಟು ನಿಲ್ಲುತ್ತಿದ್ದರು, ಯಾವುದೋ ಮನೆಯ ಮೆಟ್ಟಿಲಿನಿಂದ, ಯಾವುದೋ ಕಂಬದ ಹಿಂದಿನಿಂದ ಈಗ ಉತ್ತರ ಬಂದೇಬಿಡುತ್ತದೆ ಎಂಬಂತೆ. ನನಗಂತೂ ನಾನು ಒಬ್ಬ ಹುಡುಗಿಯನ್ನು ಕರೆಯುತ್ತಿದ್ದೇನೆ ಎನ್ನುವುದೇ ಮರೆಯುತ್ತಿತ್ತು. ಈ ಊರಿಗೆ ಬಂದು ಹೋದ ಎಲ್ಲ ಆಯುಕ್ತರನ್ನೂ ಒಟ್ಟಿಗೆ ಕರೆದಂತೆ, ಅವರೆಲ್ಲ ಎಲ್ಲೆಲ್ಲೋ ಬೇರೆ ಊರುಗಳ ನಿದ್ರೆಯಲ್ಲಿ ಒಮ್ಮೆ ಮಗ್ಗುಲು ಬದಲಿಸಿದಂತೆ ಅನ್ನಿಸುತ್ತಿತ್ತು. ಆಮೇಲೆ ಗೈರು ಎಂದು ಬರೆಯುತ್ತಿದ್ದೆ. ಕಸಬರಿಗೆಗಳು ಏಳುತ್ತಿದ್ದವು. ಧೂಳು ಎದ್ದು, ಬೆಳಕು ಅದರೊಳಗೆ ಇಳಿದು, ಚೌಕವೆಲ್ಲ ಬಂಗಾರದ ಹೊಗೆಯಾಗುತ್ತಿತ್ತು.

ಒಂದು ದಿನ ಬಸ್ಸು ತಡವಾಯಿತು. ಟಿಕೋಟಾದಾಕೆ ಕಾಣಿಸುವವರೆಗೂ ಕಾದು, ಅವಳ ಹಾಜರಿ ಮುಗಿಸಿ, ಆಯುಕ್ತರನ್ನು ಕೂಗಿದೆ. ಒಂದು. ಎರಡು. ಮೂರನೆಯ ಕೂಗಿನ ಮೌನ ಅಂದು ಬಹಳ ಉದ್ದವಾಯಿತು. ಗೈರು ಬರೆಯಲು ಪೆನ್ನನ್ನು ಹಾಳೆಗೆ ಊರಿದೆ, ಅಷ್ಟರಲ್ಲಿ ಹಿಂದಿನಿಂದ ಗಟ್ಟಿಯಾಗಿ ದನಿ ಬಂತು.

"ಹಾಜರ್ ರೀ!"

ಎಲ್ಲರೂ ತಿರುಗಿದೆವು. ಟಿಕೋಟಾದಾಕೆ ಬಾಯಿಗೆ ಕೈ ಮುಚ್ಚಿಕೊಂಡು ನಿಂತಿದ್ದಳು.

ಕಾರ್ಯದರ್ಶಿಗೆ ನಗು ತಡೆಯಲಾಗಲಿಲ್ಲ. "ಯಕ್ಕಾ, ನಿನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕಾಕತ್ತಾಕಿಗೇ ಓ ಅಂದೇನ ಬೇ?"

"ಏನ ಮಾಡ್ಲೋ ತಮ್ಮಾ, ಬಾಯಿ ಅಂದಬಿಡ್ತು. ಮೂರನೇ ಸರ್ತಿಗೂ ಯಾರೂ ಓ ಅನಲಿಲ್ಲಂದ್ರ ನನಗ ಎದಿ ಝಲ್ ಅಂತೈತಿ. ಯಾರದರ ಆಗಲಿ, ಒಂದ ದಿನದ ಕೂಲಿ ಹೋಕ್ಕೈತಲ್ಲ."

"ಮೇಡಮ್ಮಂದು ಕೂಲಿ!" ಎಂದು ಇನ್ನೊಬ್ಬಳು ಕಸಬರಿಗೆ ಊರಿಕೊಂಡು ಬಾಗಿ ನಕ್ಕಳು. "ಅಂದಮ್ಯಾಲ ಪಾಳಿನೂ ಮಾಡಬೇಕು, ಕಟ್ಟ ಅಂದ್ರ ಕಟ್ಟ. ಇವತ್ತ ಊರ ರಸ್ತಿ ಎಲ್ಲಾ ನಿಂದ ನೋಡ."

"ಎಲ್ಲಾ ಯಾಕ? ಆಕಿ ಬಾಗಲ ಮುಂದಿಂದು ಆಕಿದು. ಅಷ್ಟ ಗುಡಸ್ತೀನಿ." ಅವಳು ತಮಾಷೆಗೆ ಹೇಳಿದಂತಿರಲಿಲ್ಲ.

ದನಿ ಬಂದಿತ್ತು. ನಾನು ಹಾಜರ್ ಎಂದು ಬರೆದು, ಓ ಅಂದವಳು ಯಾರೆಂದೂ ಪಕ್ಕದಲ್ಲಿ ಬರೆದೆ.

ತನ್ನ ಓಣಿಗಳನ್ನು ಮುಗಿಸಿ ಅವಳು ಆಯುಕ್ತರ ವಸತಿಯ ಕಡೆಗೆ ಹೋದಳಂತೆ. ಅಲ್ಲಿ ನಡೆದದ್ದನ್ನು ಮಧ್ಯಾಹ್ನ ಅಂಗಳದಲ್ಲಿ ಕುಳಿತು, ಆಯುಕ್ತರ ದನಿಯನ್ನೂ ಅನುಕರಿಸುತ್ತಾ ನಮಗೆ ಹೇಳಿದಳು. ಗೇಟಿನ ಮುಂದೆ ಗುಡಿಸುವಾಗ ಅವರು ಚಹಾದ ಕಪ್ಪು ಹಿಡಿದು ಹೊರಗೆ ಬಂದರು.

"ಏನಮ್ಮಾ, ಈ ರಸ್ತೆ ನಿಮ್ಮದಲ್ಲವಲ್ಲ? ಯಾರು ಕಳಿಸಿದ್ದು?"

"ಯಾರೂ ಕಳಿಸಿಲ್ರೀ. ನಿಮ್ಮ ಪಾಳಿ ಮಾಡಾಕ ಬಂದೀನಿ. ನಸಿಕಿನ್ಯಾಗ ನಿಮ್ಮನ್ನ ಕೂಗಿದ್ರು, ನೀವು ಇದ್ದಿಲ್ಲ, ನಾ ಓ ಅಂದೆ."

"ನನ್ನನ್ನು ಕೂಗಿದರಾ? ಎಲ್ಲಿ?"

"ಗಾಂಧಿ ಚೌಕದಾಗ್ರಿ. ದಿನಾ ಕೂಗ್ತಾರ. ಬಸ್ ಬಂದಮ್ಯಾಲ ನನ್ನ ಕೂಗ್ತಾರ, ಕಡೀಕ ನಿಮ್ಮನ್ನ."

ಅವರು ಚಹಾದ ಕಪ್ಪನ್ನು ಗೇಟಿನ ಕಂಬದ ಮೇಲೆ ಇಟ್ಟರಂತೆ. ಆಮೇಲೆ, ನಿಮ್ಮ ರಸ್ತೆ ಯಾವುದು ಎಂದು ಕೇಳಿದರಂತೆ.

"ಗುಡಿ ಸುತ್ತ ಅಂದೆ. ಮತ್ತ ಇನ್ನೊಂದು ಹೇಳಿ ಬಂದೆ. ನೀವು ಬಂದ್ರ ಬರ್ರಿ, ಬಿಟ್ರ ಬಿಡ್ರಿ, ನನಗ ದಿನಾ ಎರಡೆರಡು ಪಾಳಿ ಆಗೂದುಲ್ರಿ ಅಂತ."

ಮರುದಿನ ಎಲ್ಲರೂ ಸ್ವಲ್ಪ ಬೇಗ ಬಂದರು. ಕೆಲವರು ತಲೆ ಬಾಚಿಕೊಂಡು ಬಂದಿದ್ದರು. ಮೂರು ಸಲ ಕೂಗಿದೆ. ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಮಾವಾಸ್ಯೆಯವರೆಗೂ ಇಲ್ಲ. ಟಿಕೋಟಾದಾಕೆ ಮೂರನೆಯ ಕೂಗಿಗೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಲ್ಲುತ್ತಿದ್ದಳು.

ಅಮಾವಾಸ್ಯೆಯ ದಿನ ಬೇವಿನ ಕೆಳಗೆ ಸಭೆ. ಆಯುಕ್ತರು ಬರುತ್ತಾರೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಬಂದರು, ಹಾಜರಿ ನೋಡುವ ಅಧಿಕಾರಿಯನ್ನೂ ಕರೆದುಕೊಂಡು. ಕುರ್ಚಿ ತರಲು ಹೋದವರನ್ನು ತಡೆದು ಕಟ್ಟೆಯ ಮೇಲೆ ಕುಳಿತರು. ಬಿಸಿಲು ಎಲೆಗಳ ನಡುವೆ ಸೋಸಿ ಅವರ ಬಿಳಿಯ ಸೀರೆಯ ಮೇಲೆ ಅಲುಗುತ್ತಿತ್ತು. ಮಾತಾಡುವವರೆಲ್ಲ ನೀರಿನ ಅಡಿಯಿಂದ ಮಾತಾಡುತ್ತಿರುವಂತೆ ನನಗೆ ಕೇಳುತ್ತಿತ್ತು. ಮೊದಲು ಟಿಕೋಟಾದಾಕೆಯ ವಿಷಯ ಎತ್ತಿದೆ. ಕ್ಯಾಮೆರಾ ಇವಳನ್ನು ಕಾಣಲಿಲ್ಲ, ನಾವು ದಿನವೂ ಕಂಡಿದ್ದೇವೆ, ಇದು ಸಂಘದ ಹಾಜರಿ ಎಂದು ಹಾಳೆಗಳನ್ನು ಮುಂದಿಟ್ಟೆ.

ಅಧಿಕಾರಿ ಹಾಳೆ ತಿರುವಿದರು. ಒಂದು ಕಡೆ ಬೆರಳು ನಿಂತಿತು.

"ಬಾಯಾರ, ಇಲ್ಲಿ ಒಂದ ದಿನ ಮೇಡಂ ಹಾಜರ್ ಅಂತ ಐತಲ್ರಿ. ಬಾಜೂಕ ಈಕೀ ಹೆಸರು. ಅಂದ್ರ ಒಬ್ಬರ ಬದಲಿ ಇನ್ನೊಬ್ಬರು ಓ ಅನ್ನೂದು ನಿಮ್ಮಲ್ಲಿ ಐತಿ ಅಂತ ನೀವ ಒಪ್ಪೀರಿ. ಹಂಗಾದ್ರ ಈಕೀ ಹೆಸರಿಗೆ ದಿನಾ ಬ್ಯಾರೆ ಯಾರೋ ಓ ಅಂದಿರಬಹುದಲ್ರಿ?"

ಆ ಪ್ರಶ್ನೆ ಸರಿಯಾಗಿತ್ತು, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಟಿಕೋಟಾದಾಕೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ತನ್ನ ಬಾಯಿಗೆ ತಾನೇ ಪಟಪಟ ಹೊಡೆದುಕೊಂಡಳು. "ಈ ಬಾಯಿ ಒಂದ ದಿನ ಸುಮ್ನಿದ್ರ ಸಾಕಾಗಿತ್ತವ್ವ."

ಕಾರ್ಯದರ್ಶಿ ಎದ್ದು ಕೂಗಾಡಲು ಹೊರಟ. ಆಯುಕ್ತರು ಕೈಯೆತ್ತಿ ಅವನನ್ನು ಕೂರಿಸಿದರು.

"ಅವತ್ತು ಅವರು ನನ್ನ ಬಾಗಿಲಿಗೆ ಬಂದು ಗುಡಿಸಿದರು," ಅಂದರು. "ಅದಾದ ಮೇಲೆ ದಿನಾ ಬೆಳಿಗ್ಗೆ ನಾನು ಗುಡಿ ಹತ್ತಿರ ಹೋಗುತ್ತಿದ್ದೆ. ತಲೆ ಮೇಲೆ ಶಾಲು ಹೊದ್ದು ಹೂವಿನವರ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅಲ್ಲಿ ಬೇರೆ ಯಾರೂ ಗುಡಿಸಲಿಲ್ಲ, ಇವರೇ ಗುಡಿಸಿದರು. ಅದಕ್ಕೂ ಹಿಂದಿನ ದಿನಗಳ ವಿಷಯವನ್ನು ಹೂವಿನವರಿಂದ ಕೇಳಿ ತಿಳಿದುಕೊಂಡೆ. ಇವರು ಒಂದು ದಿನವೂ ತಪ್ಪಿಸಿಲ್ಲ. ಇವರ ಹಾಜರಿಗೆ ನಾನು ಸಹಿ ಮಾಡುತ್ತೇನೆ. ಇನ್ನು ಮುಂದೆ ಬಸ್ಸು ಬಂದ ಮೇಲೆ ಕ್ಯಾಮೆರಾ ತೆರೆಯಲಿ."

ಟಿಕೋಟಾದಾಕೆ ಕೈ ಬಾಯಿಯ ಮೇಲೆ ಇಟ್ಟುಕೊಂಡೇ ಅವರನ್ನು ನೋಡುತ್ತಿದ್ದಳು. ಬೇವಿನ ಒಂದೆರಡು ಎಲೆ ಉದುರಿದವು. ನಾನು ಚೌಕದಲ್ಲಿ ನಿಂತು ಆಯುಕ್ತರು, ಆಯುಕ್ತರು ಎಂದು ಕೂಗುತ್ತಿದ್ದ ಅದೇ ನಸುಕಿನಲ್ಲಿ ಆ ಹುಡುಗಿ ನಾಲ್ಕು ಓಣಿ ಆಚೆ ಶಾಲು ಹೊದ್ದು ತನ್ನ ಕೆಲಸ ಮಾಡುತ್ತಿದ್ದಳು. ಕ್ಯಾಮೆರಾ ಟಿಕೋಟಾದಾಕೆಗೆ ಮಾಡಿದ್ದನ್ನೇ ನಾವೂ ಮಾಡಿದ್ದೆವು.

ಕಾರ್ಯದರ್ಶಿಗೂ ಹೊಳೆಯಿತು. ಅವನು ತಲೆ ಕೆರೆದುಕೊಂಡ. "ಹಂಗಾದ್ರ ಬಾಯಾರ, ಮೇಡಮ್ಮಂದೂ ತಿದ್ದಬೇಕಾಗ್ತೈತ್ರಿ. ಗುಡಿ ಹಂತ್ಯಾಕ ಇದ್ದ ದಿನ ಅಷ್ಟೂ ಹಾಜರ್ ಮಾಡೂನು."

ನಾನು ಪೆನ್ನು ತೆಗೆದೆ. ಆಯುಕ್ತರು ಹಾಳೆಯ ಮೇಲೆ ಅಂಗೈ ಇಟ್ಟರು.

"ಬೇಡಿ. ನೀವು ಕೂಗಿದ ಜಾಗದಲ್ಲಿ ನಾನು ಇರಲಿಲ್ಲ. ಕರೆಯುತ್ತಿದ್ದಾರೆ ಎಂದು ಗೊತ್ತಾದ ಮೇಲೂ ಬರಲಿಲ್ಲ. ಅದು ನಿಜವೇ."

"ಬರಬಹುದಿತ್ತಲ್ಲ?" ಎಂದು ಕೇಳಿದೆ. ಗದರಿದ ಹಾಗೆ ಕೇಳಿತೋ ಏನೋ.

"ಬಂದಿದ್ದರೆ ನಿಮ್ಮ ಕೂಗಿಗೆ ಹೆದರಿ ಬಂದೆ ಅನ್ನುತ್ತಿದ್ದರು. ಆ ಬಿಗುಮಾನ ನನಗಿತ್ತು." ಅವರು ಸ್ವಲ್ಪ ನಕ್ಕರು. "ಈಗ ಒಂದೇ ದಿನ ಇಬ್ಬರದ್ದೂ ತಿದ್ದಿದರೆ ಜನ ಏನನ್ನುತ್ತಾರೆ ಹೇಳಿ. ಆಯುಕ್ತರೂ ಸಂಘದವರೂ ಒಬ್ಬರದ್ದೊಬ್ಬರು ನೋಡಿಕೊಂಡರು ಅನ್ನುತ್ತಾರೆ. ನಾಳೆ ಯಾರಾದರೂ ತಕರಾರು ತೆಗೆದರೆ ಹೋಗುವುದು ಇವರ ನೌಕರಿ. ನನ್ನದು ಗೈರೇ ಇರಲಿ. ಇವರು ಓ ಅಂದ ದಿನವನ್ನೂ ಗೈರು ಮಾಡಿ."

"ಇದು ಮೇಲೆ ಹೋಗುತ್ತದೆ," ಎಂದೆ. "ನಿಮ್ಮನ್ನು ಇಲ್ಲಿ ಇಡಬೇಕೋ ಬೇಡವೋ ಎಂದು ನೋಡುವವರು ಇದನ್ನೇ ಓದುತ್ತಾರೆ."

"ಗೊತ್ತು."

ಅಧಿಕಾರಿ ಕೆಮ್ಮಿದರು. ಟಿಕೋಟಾದಾಕೆ ಎದ್ದು ನಿಂತಳು. "ಕೆಲಸಾ ಮಾಡಿದಾಕಿಗೆ ಗೈರು ಬರಿಯೂದು ಯಾ ನ್ಯಾಯಾ ರೀ ಬಾಯಾರ? ನಾ ಒಪ್ಪೂದುಲ್ಲ."

"ನೀ ಕುಂದರ ಬೇ," ಅಂದ ಕಾರ್ಯದರ್ಶಿ. ಅವನ ದನಿಯಲ್ಲಿ ಜೋರಿರಲಿಲ್ಲ.

ಆಚೆ ಒಂದು ಟಿಪ್ಪರ್ ತೊಳೆದ ನೀರು ಸಣ್ಣಗೆ ಹರಿದು ಬಂದು ನಮ್ಮ ಕಾಲ ಬಳಿ ಬೆಳ್ಳಗೆ ಹೊಳೆಯುತ್ತಾ ನಿಂತಿತು. ಆ ಬೆಳಕನ್ನೇ ನೋಡುತ್ತಾ ಕುಳಿತಿದ್ದೆ. ಆಮೇಲೆ ಅವರು ಹೇಳಿದಂತೆ ಆ ಒಂದು ದಿನದ ಹಾಜರ್ ಹೊಡೆದುಹಾಕಿ ಗೈರು ಬರೆದೆ. ಕೆಳಗೆ ಸಂಘದ ಮಾತು ಎಂದು ಎರಡು ಸಾಲು ಬರೆಯುವುದಿತ್ತು. ಹೊಗಳಿದರೆ ಅವರು ಹೇಳಿದ ತಕರಾರೇ ಹುಟ್ಟುತ್ತದೆ, ಬೈಯಲು ಯಾರಿಗೂ ಮನಸ್ಸಿರಲಿಲ್ಲ. ನಸುಕಿನ ಹಾಜರಿಗೆ ಆಯುಕ್ತರು ಬರಲಿಲ್ಲ ಎಂದಷ್ಟೇ ಬರೆದು ಸಹಿ ಹಾಕಿದೆ. ಅವರು ಅದನ್ನು ಓದಿ, ಅಕ್ಷರ ಚೆನ್ನಾಗಿದೆ ಎಂದರು.

ಚಳಿ ಇಳಿಯುವ ಹೊತ್ತಿಗೆ ಅವರಿಗೆ ವರ್ಗವಾಯಿತು. ಕಾರಣ ನಮ್ಮ ಹಾಳೆಯೋ, ಬೇರೆ ಏನೋ, ನನಗೆ ತಿಳಿಯದು. ಅವರು ಹೋಗುವ ಮೊದಲು ಸಹಿ ಮಾಡಿದ ಆದೇಶಗಳಲ್ಲಿ ಟಿಕೋಟಾದಾಕೆಯದೂ ಇತ್ತು. ಯಾರೂ ತಕರಾರು ತೆಗೆಯಲಿಲ್ಲ.

ಖಾಯಂ ಆದ ಮೊದಲ ಬೆಳಿಗ್ಗೆ ಅವಳು ಹೊಸ ಸೀರೆ ಉಟ್ಟುಕೊಂಡು ಬಸ್ಸಿಳಿದಳು. ಚೌಕದಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದಳು. ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿ, ಮುಖ ನೋಡದೆ ಹೇಳಿದಳು:

"ಮೇಡಂ ಬಗ್ಗೆ ನೀವು ಬರದದ್ದು ಖರೇನ ಐತ್ರಿ ಬಾಯಾರ. ಛಲೋ ಇಲ್ಲ, ಅಷ್ಟ."

ಸಕ್ಕರೆ ನಾಲಗೆಯ ಮೇಲೆ ಕರಗುತ್ತಿತ್ತು. ಅದು ಪೂರ್ತಿ ಕರಗುವಷ್ಟರಲ್ಲಿ ಅವಳು ಕಸಬರಿಗೆ ಹೆಗಲಿಗೇರಿಸಿಕೊಂಡು ಗುಡಿಯ ಕಡೆಗೆ ಹೊರಟಿದ್ದಳು.